ಹಾಲುಳ್ಳ ಸಿವಂಗಿ

ಪಟ್ಟಣದ ಬೇಟೆಮನೆಯಲ್ಲಿ ನನಗೆ ಕೆಲಸ ಕೊಡಿಸಿದ್ದು ನನ್ನ ಗಂಟಲು. ಹುಲ್ಲೆಯ ಕೂಗು, ನವಿಲಿನ ಕೂಗು, ನಮ್ಮತ್ತೆಯ ಬೈಗುಳ ಎಲ್ಲವೂ ಬರುತ್ತಿತ್ತು. ಅವೆಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದುದು ಬೇಟೆಮನೆಯ ಮೇಲಾಳು ದಾರೋಗನ ದನಿ: ಮೂಗಿನಲ್ಲೇ ಹುಟ್ಟಿ ಮೂಗಿನಲ್ಲೇ ಸಾಯುವಂಥದ್ದು. ನನ್ನ ಸ್ವಂತ ದನಿ ಮಾತ್ರ ಯಾರ ನೆನಪಿನಲ್ಲೂ ಉಳಿಯುತ್ತಿರಲಿಲ್ಲ. ಉಳಿಯುವಂಥದ್ದೂ ಅಲ್ಲ ಬಿಡಿ.

ಹುಲ್ಲೆಯ ಬೇಟೆಗೆ ನಾವು ಪಳಗಿಸುತ್ತಿದ್ದುದು ಸಿವಂಗಿಗಳನ್ನು, ಅಂದರೆ ಚೀತಾಗಳನ್ನು. ಕುಂತಿಬೆಟ್ಟದ ಕೆಳಗಿನ ಕುರುಚಲಿನಲ್ಲಿ ಅವು ಉಗುರು ಮಸೆಯಲು ಬರುವ ಒಂದು ಮರವಿತ್ತು; ಬಲೆಗಾರರು ಅದರ ಸುತ್ತ ಉರುಳು ಹಾಕುತ್ತಿದ್ದರು. ಹಾಲುಳ್ಳ ಹೆಣ್ಣು ಬಿದ್ದರೆ ಅಲ್ಲೇ ಬಿಡಬೇಕು, ಅದು ಅವರ ಕಟ್ಟಳೆ. ಆ ಸಲ ಮೊಲೆ ಬಿಗಿದುಕೊಂಡಿದ್ದ ಹೆಣ್ಣೊಂದು ಗಾಡಿಯ ಬೋನಿನಲ್ಲಿ ಬಂತು. ಮುದಿ ಬಲೆಗಾರ ನನ್ನ ಮೇಲೆ ಉರಿದುಬಿದ್ದ.

"ನಿಮ್ ದಾರೋಗನ ಆಳುಗಳು ಕಿತ್ಕಂಡು ಬಂದವ್ರೆ ಕಣ್ಲಾ. ಮರಿಗಳು ಪೊದೇಲಿ ಅಂಗೇ ಬಿದ್ದವೆ!"

ನಾನು ದಾರೋಗನ ಬಳಿಗೆ ಓಡಿದೆ. "ಬುದ್ಧೀ, ಇದಕ್ಕೆ ಆಲು ಅದೆ. ಬುಟ್ಬುಡಿ."

"ನಾಳಿದ್ದು ದೊಡ್ಡೋರು ಬೇಟೆಗೆ ಬತ್ತಾವ್ರೆ. ಬೋನು ತುಂಬಿರ್ಬೇಕು. ನೀನು ಅಣಕಿಸೋನು, ಅಣಕಿಸ್ಕಂಡಿರು," ಎಂದು ದಾರೋಗ ಬಚ್ಚಲಿಗೆ ಹೋದ.

ನನ್ನ ಮೈಯೆಲ್ಲ ಉರಿಯಿತು. ಬಚ್ಚಲಿನ ಗೋಡೆಯ ಹಿಂದೆ ಕುಕ್ಕರಿಸಿ ಮೂಗಿನಿಂದ ಕಿರುಚಿದೆ:

"ಯಾವನ್ಲಾ ಗಾಡಿಯೋನು? ಆಲಿರೋದ್ನ ಯಾಕ್ಲಾ ತಂದೆ? ಈಗ್ಲೇ ಆ ಮರದತ್ರ ಬುಟ್ಬಾ!"

"ಆಯ್ತು ಬುದ್ಧಿ," ಎಂದ ಗಾಡಿಯವನು. ಒಳಗೆ ಸುರಿಯುತ್ತಿದ್ದ ನೀರಿನ ಸದ್ದಿನಲ್ಲಿ ದಾರೋಗನಿಗೆ ಏನೂ ಕೇಳಿಸಲಿಲ್ಲ.

ಮರುದಿನ ಖಾಲಿ ಬೋನು ಮರಳಿತು. "ಬುಟ್ಬುಡು ಅಂತ ಯೋಳ್ದೋನು ಯಾವನ್ಲಾ?" ಎಂದು ದಾರೋಗ ಗರ್ಜಿಸಿದ.

"ತಾವೇ ಬುದ್ಧಿ."

ದಾರೋಗ ನನ್ನತ್ತ ನೋಡಿದ. ಅವನಿಗೆ ತಿಳಿಯಿತು. ಆದರೆ ತನ್ನ ಬೇಟೆಮನೆಯಲ್ಲಿ ಗಾಡಿಯವನಿಗೂ ತನ್ನ ದನಿ ಯಾವುದೆಂದು ಗೊತ್ತಾಗುವುದಿಲ್ಲವೆಂದು ಯಾವ ಬಾಯಲ್ಲಿ ಹೇಳಿಯಾನು? ಅದರ ಮಾರನೆಯ ದಿನ ಬೇಟೆಗೆ ಬಂದವರೆದುರು ಎದೆಯುಬ್ಬಿಸಿ, "ತಾಯಿ ಅಲ್ವೇ, ಕರುಳು ಚುರ್ ಅಂತು, ಬುಡಿಸ್ದೆ," ಎಂದ. ಅವರು ಮೆಚ್ಚಿ ಅವನಿಗೊಂದು ಶಾಲು ಹೊದಿಸಿದರು.

ಅದೇ ಸಂಜೆ ಮುದಿ ಬಲೆಗಾರ ಬಂದ. ತಾಯಿ ನೇರ ಪೊದೆಗೆ ನುಗ್ಗಿತಂತೆ. ಸ್ವಲ್ಪ ಹೊತ್ತಿಗೆ ಒಂದು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಹೊರಬಂತಂತೆ.

"ಮಿಕ್ಕವು?" ಎಂದೆ.

"ಆಗ್ಲೇ ಇರುವೆ ಮುತ್ಕಂಡಿದ್ವು ಕಣ್ಲಾ."

ಹಿಡಿದ ಕೂಡಲೇ ಅಲ್ಲೇ ಬಿಟ್ಟಿದ್ದರೆ ಅವೂ ಬದುಕುತ್ತಿದ್ದವು. ದಾರೋಗನ ನಡಿಗೆ, ಕೆಮ್ಮು, ಬೈಗುಳ ಎಲ್ಲವನ್ನೂ ಇಂದಿಗೂ ಅಣಕಿಸಿ ಜನರನ್ನು ನಗಿಸುತ್ತೇನೆ. ಅವನಿಗೆ ಶಾಲು ಹೊದಿಸಿದ ಆ ಒಂದು ಮಾತನ್ನು ಮಾತ್ರ ಅಣಕಿಸಲು ಆಗುವುದಿಲ್ಲ. ಬಾಯಿ ತೆರೆಯುವ ಮೊದಲೇ ಹಲ್ಲು ಕಚ್ಚಿಕೊಳ್ಳುತ್ತದೆ.