ಖಾಲಿಯಾದ ಮೇಲೆ

ಸ್ಟೀಲ್ ಪಾತ್ರೆಯ ಮೇಲೆ ಕೊರೆಸಿದ ಹೆಸರು ಓದುವುದು ನನಗೊಂದು ಚಟ. ಯಾರ ಮನೆಗೆ ಹೋದರೂ ಲೋಟ ಓರೆ ಮಾಡಿ ನೋಡುತ್ತೇನೆ. ಸೀರೆಗೆ ಕಾಫಿ ಚೆಲ್ಲಿಕೊಂಡದ್ದೂ ಇದೆ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಟೇಬಲ್ ಮ್ಯಾನರ್ಸ್ ಈಗ ಇಷ್ಟರಮಟ್ಟಿಗೆ ಉಳಿದಿದೆ.

ನಮ್ಮ ಯಜಮಾನರ ಚಟ ಬೇರೆ. ಡೈಮಂಡ್ ಬಾರ್ ಎಂಬ ಊರಿನಲ್ಲಿರುವ ಮಗಳ ಮನೆಯ ಗರಾಜಿನಲ್ಲಿ ಹಳೆಯ ಬ್ರಿಟಿಷ್ ಗೂಡ್ಸ್ ವ್ಯಾಗನ್ನುಗಳ ಪುಟ್ಟ ಮಾಡೆಲ್‌ಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ. ಲಾಕ್‌ಡೌನಿನಲ್ಲಿ ಬೇರೆ ಕೇಳುಗರಿಲ್ಲದೆ ನನಗೇ ಪಾಠ ಶುರುವಾಯಿತು. ನಂಬರಿನ ಮುಂದೆ ‘ಬಿ’ ಇದ್ದರೆ ರೈಲ್ವೆ ಸರ್ಕಾರದ್ದಾದ ಮೇಲೆ ಕಟ್ಟಿದ್ದು. ‘ಪಿ’ ಇದ್ದರೆ ಹಿಂದೆ ಯಾರದೋ ಖಾಸಗಿ ಸ್ವತ್ತು. ಓರೆಯಾದ ಬಿಳಿ ಪಟ್ಟಿ ಯಾವ ತುದಿಗೆ ಏರುತ್ತದೋ ಆ ತುದಿಯಲ್ಲಿ ಬಾಗಿಲು. ‘ಟೇರ್’ ಎಂದರೆ ಖಾಲಿ ವ್ಯಾಗನ್ನಿನ ತೂಕ. ನಾನು ಅದನ್ನು ಕಣ್ಣೀರಿನ ಟಿಯರ್ ಎಂದುಕೊಂಡು, ಸ್ಪೆಲ್ಲಿಂಗ್ ತಪ್ಪಾಗಿದೆಯೆಂದು ಬ್ರಿಟಿಷರನ್ನೇ ತಿದ್ದಲು ಹೋದೆ.

ಒಂದು ಕಲ್ಲಿದ್ದಲಿನ ವ್ಯಾಗನ್ನಿನ ಮೇಲೆ ಮಾತ್ರ ಕಣ್ಣು ನಿಂತಿತು. ಖಾಲಿಯಾದ ಮೇಲೆ ಇಂಥ ಗಣಿಗೆ ಕಳಿಸಿ, ಎಂದು ಚಿಕ್ಕದಾಗಿ ಬರೆದಿತ್ತು. ಥಟ್ಟನೆ ಸುಶೀಲಕ್ಕನ ಡಬ್ಬಿ ನೆನಪಾಯಿತು.

ಸುಶೀಲಕ್ಕ ಹುಬ್ಬಳ್ಳಿಯವರು, ಇದೇ ಬೀದಿಯಲ್ಲಿದ್ದವರು. ಮಗನ ಜಾಬ್ ಬದಲಾಗಿ ಸ್ಯಾನ್ ಡಿಯಾಗೋಗೆ ಹೋದರು. ಅವರ ಹೆಸರಿನ ಡಬ್ಬಿ ನಮ್ಮಲ್ಲೇ ಉಳಿಯಿತು. ಯಜಮಾನರಿಗೂ ನನಗೂ ಡ್ರೈವಿಂಗ್ ಬಾರದು. ಸುಮ್ಮನೆ ಮುಖ ನೋಡಬೇಕೆನಿಸಿತು ಎಂದು ಮಕ್ಕಳನ್ನು ಫ್ರೀವೇಯಲ್ಲಿ ಅಷ್ಟು ದೂರ ಓಡಿಸುವುದು ಹೇಗೆ? ಡಬ್ಬಿಯೊಂದೇ ನೆಪ.

ಲಾಕ್‌ಡೌನ್ ಮುಗಿದ ಮೇಲೆ ಮಾತೆತ್ತಿದೆ. "ಮೇಲ್ ಮಾಡಿಬಿಡೋಣ ಅಮ್ಮಾ, ಬಾಕ್ಸ್ ಇದೆ," ಎಂದಳು ಮಗಳು. ನಾನು ಡಬ್ಬಿಯ ಮುಚ್ಚಳ ತೆಗೆದು ತೋರಿಸಿದೆ.

"ಖಾಲಿ ಡಬ್ಬಿ ವಾಪಸ್ ಕಳಿಸ್ತಾರೇನೇ?"

"ಏನಾದ್ರೂ ತುಂಬಿಸು."

"ನಿಮ್ಮಮ್ಮನ ರವೆ ಉಂಡೆ ಪೋಸ್ಟಲ್ಲಿ ಹೋದ್ರೆ ರವೆಯಾಗಿ ತಲುಪುತ್ತೆ," ಎಂದರು ಯಜಮಾನರು ಗರಾಜಿನಿಂದ. ನನ್ನ ಉಂಡೆಗೆ ಆದ ಆ ಅವಮಾನಕ್ಕೆ ನಾನು ಇಂದಿಗೂ ಋಣಿ. ಮಗಳು ಕಾರ್ ಕೀ ತೆಗೆದುಕೊಂಡಳು.

ಬಾಗಿಲು ತೆರೆದ ಸುಶೀಲಕ್ಕ, "ಅಯ್ಯ, ನಮ್ಮ ಡಬ್ಬಿ ಬಂತು! ಜೋಡಿ ನೀವೂ ಬಂದ್ರೇನ್ರಿ?" ಎಂದು ನಕ್ಕರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹರಟೆಯ ನಡುವೆಯೇ ಉಂಡೆಗಳನ್ನು ತಟ್ಟೆಗೆ ಹಾಕಿ, ಡಬ್ಬಿ ತೊಳೆದು ಬೋರಲು ಹಾಕಿದರು. ಇನ್ನು ಬರಲು ನೆಪವಿಲ್ಲ ಎಂದುಕೊಂಡು ಟೀ ಕುಡಿದೆ. ಲೋಟದ ಮೇಲಿನ ಹೆಸರನ್ನೂ ಓದಲಿಲ್ಲ.

ಹೊರಡುವಾಗ ಅದೇ ಡಬ್ಬಿ ನನ್ನ ಕೈಗೆ ಬಂತು, ತುಂಬ ಶೇಂಗಾ ಚಟ್ನಿಪುಡಿ.

"ಖಾಲಿ ಆದ ಮ್ಯಾಲೆ ತಂದುಕೊಡ್ರಿ," ಎಂದರು ಸುಶೀಲಕ್ಕ.

ಡಾಕ್ಟರು ಉಪ್ಪು ಖಾರ ಕಡಿಮೆ ಮಾಡಿ ಅಂದಿದ್ದಾರೆ. ಆದರೂ ಈಗ ದೋಸೆಗೂ ಚಟ್ನಿಪುಡಿ, ಮೊಸರನ್ನಕ್ಕೂ ಚಟ್ನಿಪುಡಿ. ಡಬ್ಬಿ ಬೇಗ ಖಾಲಿಯಾಗಬೇಕಲ್ಲ.