ಜೀಪಿನ ಹಿಂದೆ ಬಂದ ಬೆಳ್ಳಕ್ಕಿ

ಹಕ್ಕಿಗಳೆಂದರೆ ಪ್ರಾಣ ಬಿಡುವ ಮನುಷ್ಯನಿಗೆ ಹಕ್ಕಿ ಓಡಿಸುವ ಕೆಲಸವೇ ಗಂಟುಬಿದ್ದರೆ ಅದಕ್ಕೆ ಏನನ್ನಬೇಕೋ! ದಿನಕ್ಕೆ ನಾಲ್ಕು ವಿಮಾನ ಇಳಿದು ನಾಲ್ಕು ವಿಮಾನ ಏರುವ ಆ ಸಣ್ಣ ನಿಲ್ದಾಣದಲ್ಲಿ, ರನ್‌ವೇಯ ಹತ್ತಿರ ಒಂದು ಗುಬ್ಬಿಯೂ ಸುಳಿಯದಂತೆ ನೋಡಿಕೊಳ್ಳುವುದೇ ಅವನ ನೌಕರಿ. ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಸಾಮಾನು ಎತ್ತುವವರಿಂದ ಹಿಡಿದು ದೊಡ್ಡ ಸಾಹೇಬರವರೆಗೆ ಎಲ್ಲರಿಗೂ ಅವನು ಹುಶ್ಶಣ್ಣ.

ಹುಶ್ಶಣ್ಣನ ಆಸ್ತಿಯೆಲ್ಲ ಒಂದು ಹಳದಿ ಜೀಪಿನಲ್ಲಿ ಹಿಡಿಸುತ್ತಿತ್ತು. ಜೀಪಿನ ತಲೆಯ ಮೇಲೊಂದು ಧ್ವನಿವರ್ಧಕ. ಗುಂಡಿ ಒತ್ತಿದರೆ ಗಿಡುಗನ ಕೈಗೆ ಸಿಕ್ಕ ಹಕ್ಕಿಯ ಚೀರಾಟ ಕೇಳಿಸುತ್ತಿತ್ತು. ಪಕ್ಕದ ಸೀಟಿನಲ್ಲಿ ಪಟಾಕಿ ಹಾರಿಸುವ ಪಿಸ್ತೂಲು, ಬೂಟಿನ ದಾರದಲ್ಲಿ ನೇತುಹಾಕಿದ ದುರ್ಬೀನು, ಕಂಡ ಹಕ್ಕಿಗಳನ್ನು ಬರೆದಿಡುವ ರಿಜಿಸ್ಟರು. ವಿಮಾನ ಇಳಿಯುವ ಇಪ್ಪತ್ತು ನಿಮಿಷ ಮೊದಲು ಅವನು ರನ್‌ವೇಯ ಉದ್ದಕ್ಕೂ ಓಡಾಡಿ, ತುದಿಯ ಮೋರಿಯ ಹತ್ತಿರ ಜೀಪು ನಿಲ್ಲಿಸಿ, ವಾಕಿಟಾಕಿಯಲ್ಲಿ 'ಖಾಲಿ' ಎನ್ನಬೇಕು. ವಿಮಾನಗಳಿಗೆ ದಾರಿ ಹೇಳುವ ಗೋಪುರದ ಮೇಲೆ ಕೂತವರಿಗೆ ಅಷ್ಟು ದೂರದ ಹಕ್ಕಿ ಕಾಣುವುದಿಲ್ಲ. ಇವನು ಖಾಲಿ ಎಂದರೆ ಖಾಲಿ. ನೂರಾರು ಜನರ ಜೀವ ಆ ಒಂದು ಮಾತಿನ ಮೇಲೆ ಇಳಿಯುತ್ತಿತ್ತು. ಹನ್ನೊಂದು ವರ್ಷವಾದರೂ ಆ ಮಾತು ಹೇಳುವಾಗ ಅವನ ಅಂಗೈ ಬೆವರುವುದು ನಿಂತಿರಲಿಲ್ಲ. ಹಕ್ಕಿಯೊಂದು ಇಂಜಿನ್ನಿನೊಳಗೆ ಹೋದರೆ ಏನಾಗುತ್ತದೆಂದು ಕೆಲಸಕ್ಕೆ ಸೇರಿದ ಮೊದಲ ವಾರವೇ ಅವನಿಗೆ ಫೋಟೋ ತೋರಿಸಿದ್ದರು.

ಅದಕ್ಕೂ ಮೊದಲು ಹದಿನೆಂಟು ವರ್ಷ ಅವನು ಸರಕು ಹಡಗುಗಳಲ್ಲಿ ತುಕ್ಕು ಕೆರೆದು ಬಣ್ಣ ಬಳಿಯುತ್ತಿದ್ದ. ಹಡಗು ಬಂದರಿಗೆ ಬಂದರೆ ಜೊತೆಯವರು ಅಂಗಡಿ ಬೀದಿಗೆ ಓಡುತ್ತಿದ್ದರು, ಇವನು ದುರ್ಬೀನು ಹಿಡಿದು ಕೆಸರಿನ ಕಡೆಗೆ. ಮೀನಿನ ಬುಟ್ಟಿಯ ಮುಂದೆ ಸಾಲು ನಿಂತ ಹೆಜ್ಜಾರ್ಲೆಗಳನ್ನು ನೋಡಿದ್ದ. ಉಪ್ಪಿನ ಗದ್ದೆಯಲ್ಲಿ ಒಂಟಿಕಾಲಲ್ಲಿ ನಿದ್ದೆ ಹೊಡೆಯುವ ರಾಜಹಂಸಗಳನ್ನು ನೋಡಿದ್ದ. ಕೈಯಲ್ಲಿದ್ದ ಬ್ರೆಡ್ಡನ್ನೇ ಕಿತ್ತುಕೊಂಡು ಹೋಗುವ ಕಡಲಹಕ್ಕಿಗಳಿಂದ ಎರಡು ಸಲ ಕಚ್ಚಿಸಿಕೊಂಡಿದ್ದ. ಆದರೆ ಯಾವ ದೇಶದ ದಂಡೆ ಹತ್ತಿದರೂ ನೆಂಟರ ಹಾಗೆ ಎದುರಾಗುತ್ತಿದ್ದುದು ಬೆಳ್ಳಕ್ಕಿ. ಒಂದು ಕಡೆ ಎಮ್ಮೆಯ ಹಿಂದೆ, ಇನ್ನೊಂದು ಕಡೆ ಆನೆಯ ಬೆನ್ನ ಮೇಲೆ, ಮತ್ತೊಂದು ಕಡೆ ಉಳುವ ಟ್ರ್ಯಾಕ್ಟರಿನ ಹಿಂದೆ. ದೊಡ್ಡ ಪ್ರಾಣಿ ಕಾಲಿಟ್ಟಲ್ಲಿ ಹುಲ್ಲಿನಿಂದ ಮಿಡತೆ ಏಳುತ್ತದೆ, ಅದು ಬೆಳ್ಳಕ್ಕಿಯ ಊಟ. ಜಗತ್ತಿನ ತುಂಬ ಅದೇ ಲೆಕ್ಕ.

ಒಮ್ಮೆ ದಡದಿಂದ ಆರು ದಿನದ ದೂರದಲ್ಲಿ, ಸುತ್ತಲೂ ಬರೀ ನೀರು, ಒಂದು ಬೆಳ್ಳಕ್ಕಿ ಹಡಗಿನ ಮೇಲೆ ಬಂದು ಬಿತ್ತು. ಹಗ್ಗದ ಸುರುಳಿಯ ಮೇಲೆ ಕೂತು ನಡುಗುತ್ತಿತ್ತು. ಅವನು ಬಟ್ಟಲಲ್ಲಿ ನೀರು ಹಿಡಿದು ಹತ್ತಿರ ಹೋದಾಗಲೆಲ್ಲ ಅದು ಹೆದರಿ ತೂರಾಡುತ್ತ ಇನ್ನೊಂದು ಮೂಲೆ ಸೇರುತ್ತಿತ್ತು. ಮೂರು ದಿನ ಹೀಗೇ ನಡೆಯಿತು. ನಾಲ್ಕನೆಯ ಬೆಳಗ್ಗೆ ಜೀವರಕ್ಷಕ ದೋಣಿಯ ಅಡಿಯಲ್ಲಿ ಸತ್ತುಬಿದ್ದಿತ್ತು. ಬಾಯಾರಿಕೆಗಿಂತ ನನ್ನ ಮೇಲಿನ ಹೆದರಿಕೆಯೇ ಅದಕ್ಕೆ ದೊಡ್ಡದಾಯಿತಲ್ಲ ಎಂದು ಅವನು ಬಹಳ ದಿನ ಕೊರಗಿದ್ದ. ಹೆಂಡತಿಗೆ ಈ ಕಥೆಯನ್ನು ಅದೆಷ್ಟು ಸಲ ಹೇಳಿದ್ದನೆಂದರೆ, ಅವನು 'ಒಂದ್ಸಲ ನಡುನೀರಲ್ಲಿ' ಎಂದು ಬಾಯಿ ತೆಗೆದರೆ ಸಾಕು, ಅವಳು ಎದ್ದು ಒಲೆಯ ಕಡೆ ಹೋಗುತ್ತಿದ್ದಳು.

ಈಗ ಹೇಳುವ ಸಂಗತಿ ನಡೆಯುವ ಹತ್ತೊಂಬತ್ತು ದಿನ ಮೊದಲು, ಮೋರಿಯ ಮುಳ್ಳುತಂತಿಯ ಹತ್ತಿರ ಕಾಲಿಗೆ ನೈಲಾನ್ ದಾರ ಸುತ್ತಿಕೊಂಡು ಒದ್ದಾಡುತ್ತಿದ್ದ ಒಂದು ಬೆಳ್ಳಕ್ಕಿ ಅವನ ಕಣ್ಣಿಗೆ ಬಿತ್ತು. ದಾರ ಕತ್ತರಿಸಿ ಬಿಟ್ಟ. ಒಂದು ಪಾದ ಸೊಟ್ಟಗಾಗಿತ್ತು, ಹಾರಿದರೂ ಹತ್ತು ಮಾರಿನಾಚೆ ಹೋಗಲಾರದು. ಮರುದಿನ ಅವನು ಜೀಪು ಹುಲ್ಲಿಗೆ ಇಳಿಸಿದಾಗ ಅದು ಕುಂಟುತ್ತ ಬಂದು ಚಕ್ರದ ಪಕ್ಕದಲ್ಲಿ ಮಿಡತೆ ಹೆಕ್ಕತೊಡಗಿತು. ಜೀಪು ನಿಂತರೆ ಅದೂ ನಿಂತಿತು, ಹೊರಟರೆ ಅದೂ ಹೊರಟಿತು. ಹಳದಿ ಜೀಪನ್ನು ಅದು ಎಮ್ಮೆ ಎಂದುಕೊಂಡಿತ್ತು! ಹುಶ್ಶಣ್ಣ ಬಾಗಿಲು ತೆಗೆದು ಕೆಳಗಿಳಿದ. ಹಕ್ಕಿ ಕತ್ತು ಕೊಂಕಿಸಿ ನೋಡಿತೇ ಹೊರತು ಕದಲಲಿಲ್ಲ. ಐವತ್ತಾರು ವರ್ಷದ ಮನುಷ್ಯ ಆ ಹುಲ್ಲಿನಲ್ಲಿ ನಿಂತು ಕಣ್ಣೊರೆಸಿಕೊಂಡ. ಅಂದಿನಿಂದ ಅದು ಕುಂಟಮ್ಮ.

ನಿಯಮವೇನೆಂದು ಅವನಿಗೆ ಗೊತ್ತಿಲ್ಲದೆ ಇರಲಿಲ್ಲ. ನೆಲದ ಮೇಲೆ ಒಂದು ಬಿಳಿ ಹಕ್ಕಿ ನಿರಾತಂಕವಾಗಿ ನಿಂತಿದ್ದರೆ ಮೇಲೆ ಹಾರುವ ಹಿಂಡು ಅದನ್ನು ನೋಡಿಯೇ ಇಳಿಯುತ್ತದೆ. ಆದ್ದರಿಂದ ಮೊದಲು ಓಡಿಸಬೇಕಾದದ್ದು ಆ ಒಂದನ್ನು. ಹುಲ್ಲು ಕತ್ತರಿಸುವ ಟ್ರ್ಯಾಕ್ಟರ್ ಡ್ರೈವರಿಗೆ ಈ ಪಾಠವನ್ನು ಹೇಳಿಕೊಟ್ಟವನೇ ಇವನು. ಆದರೂ ಕುಂಟಮ್ಮನ ಮೇಲೆ ಪಟಾಕಿ ಹಾರಿಸಲು ಕೈ ಬರಲಿಲ್ಲ. ವಿಮಾನ ಬರುವ ಮೊದಲು ಜೀಪಿನ ಹಿಂದೆಯೇ ನಡೆಸಿಕೊಂಡು ಹೋಗಿ ಮೋರಿಯ ಹತ್ತಿರ ಬಿಡುತ್ತಿದ್ದ. ಜೀಪು ಅಲ್ಲಿರುವಷ್ಟು ಹೊತ್ತು ಅದೂ ಅಲ್ಲೇ. ಯಾರಿಗೇನು ತೊಂದರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ರಿಜಿಸ್ಟರಿನಲ್ಲಿ ಮಾತ್ರ ದಿನವೂ 'ಹಕ್ಕಿ ಇಲ್ಲ' ಎಂದೇ ಬರೆಯುತ್ತಿದ್ದ. ಬರೆಯುವಾಗ ಬೆನ್ನ ಹಿಂದೆ ಯಾರೋ ನಿಂತಂತಾಗಿ ಎರಡು ಸಲ ತಿರುಗಿ ನೋಡುತ್ತಿದ್ದ.

ಅವನ ಹೆಂಡತಿ ಅಕ್ಕನ ಮನೆಯಲ್ಲಿದ್ದಳು. ಆ ಊರಿಗೆ ಬಸ್ಸಿನಲ್ಲಿ ಎರಡು ದಿನ. ಅಲ್ಲಿಯೇ ಮಂಡಿಯ ಆಪರೇಷನ್ ಆಗಿ, ಈಗ ಹಿಂದಿರುಗಬೇಕಿತ್ತು. ಬಸ್ಸಿನಲ್ಲಿ ಕೂರಬಾರದೆಂದು ಡಾಕ್ಟರು ಹೇಳಿದ್ದರಿಂದ ಜೀವಮಾನದಲ್ಲಿ ಮೊದಲ ಸಲ ವಿಮಾನ ಹತ್ತಬೇಕಾಗಿ ಬಂತು. ಗಂಡ ಹನ್ನೊಂದು ವರ್ಷ ವಿಮಾನ ಕಾದರೂ ಅವಳಿಗೆ ವಿಮಾನವೆಂದರೆ ಕೈಕಾಲು ನಡುಕ. ಹೊರಡುವ ಹಿಂದಿನ ದಿನ ಫೋನಿನಲ್ಲಿ ಅದೂ ಇದೂ ಮಾತಾಡಿ, ಗೀಸರ್ ಆರಿಸಿದ್ದೀರಾ ಎಂದೆಲ್ಲ ವಿಚಾರಿಸಿ, ಕೊನೆಗೆ ದನಿ ತಗ್ಗಿಸಿ ಕೇಳಿದಳು.

"ರೀ, ಇಳಿಯೋ ಹೊತ್ತಿಗೆ ಹಕ್ಕಿಗಿಕ್ಕಿ ಏನೂ ಬರಲ್ಲ ತಾನೆ?"

"ನಾನಿದ್ದೀನಲ್ಲ ಮಾರಾಯ್ತಿ," ಎಂದ ಅವನು.

ಅವಳು ಬರುವ ದಿನ ಬೆಳಗ್ಗೆ, ಎರಡು ದಿನ ಹೊಡೆದ ಮಳೆ ನಿಂತು ಬಿಸಿಲು ಬಿದ್ದಿತ್ತು. ಹುಲ್ಲಿನಿಂದ ರೆಕ್ಕೆಗೆದ್ದಲು ಹೊಗೆಯಂತೆ ಏಳುತ್ತಿತ್ತು. ಹಕ್ಕಿಗಳಿಗೆ ಇದು ಔತಣ, ಹುಶ್ಶಣ್ಣನಿಗೆ ವರ್ಷದಲ್ಲೇ ಕೆಟ್ಟ ದಿನ. ಬೆಳಗಿನಿಂದ ಹನ್ನೆರಡು ಪಟಾಕಿ ಹಾರಿಸಿ ಗೊರವಂಕ, ಟಿಟ್ಟಿಭಗಳನ್ನೆಲ್ಲ ಬೇಲಿಯಾಚೆ ಅಟ್ಟಿದ್ದ. ಒಂಬತ್ತೂ ಇಪ್ಪತ್ತಕ್ಕೆ ಕುಂಟಮ್ಮನನ್ನು ಮೋರಿಗೆ ಮುಟ್ಟಿಸಿದ. ವಿಮಾನ ಒಂಬತ್ತೂ ನಲವತ್ತಕ್ಕೆ. ಜೀಪಿನ ನೆತ್ತಿ ಹತ್ತಿ ಉದ್ದಕ್ಕೂ ದುರ್ಬೀನು ಆಡಿಸಿ ನೋಡಿ 'ಖಾಲಿ' ಎಂದ.

ಹಾಗೆಂದ ಮೇಲೆ ಜೀಪು ಕದಲಿಸಬಾರದು. ಹನ್ನೊಂದು ವರ್ಷದಲ್ಲಿ ಅವನು ಒಮ್ಮೆಯೂ ಕದಲಿಸಿರಲಿಲ್ಲ. ಆದರೆ ಆ ವಿಮಾನದಲ್ಲಿ ಅವಳಿದ್ದಳು. ಮೋರಿಯ ಹತ್ತಿರ ಜೀಪಿನಲ್ಲಿ ಕೂತರೆ ಚಕ್ರ ನೆಲ ಮುಟ್ಟುವುದು ಕಾಣುವುದಿಲ್ಲ, ನಡುವೆ ಸ್ವಲ್ಪ ದಿಬ್ಬ. ಮುಟ್ಟುವುದನ್ನು ಕಣ್ಣಾರೆ ಕಂಡ ಹೊರತು ಇವತ್ತು ತನಗೆ ನೆಮ್ಮದಿಯಿಲ್ಲ ಎನಿಸಿತು. ಹುಲ್ಲಿನ ಅಂಚಿನಲ್ಲೇ ಜೀಪು ತಂದು, ವಿಮಾನ ಇಳಿಯುವ ಜಾಗದ ಪಕ್ಕಕ್ಕೆ ನಿಲ್ಲಿಸಿ, ಆಕಾಶಕ್ಕೆ ದುರ್ಬೀನು ಹಿಡಿದು ಕೂತ. ದೂರದಲ್ಲಿ ಒಂದು ಬೆಳಕಿನ ಚುಕ್ಕೆ ಮೂಡಿತು.

ಆಗ ಕನ್ನಡಿಯಲ್ಲಿ ಏನೋ ಬೆಳ್ಳಗೆ ಅಲ್ಲಾಡಿತು. ಕುಂಟಮ್ಮ ಎಮ್ಮೆಯ ಹಿಂದೆ ಬಂದಿತ್ತು. ಕುಂಟುತ್ತ, ಹಾರುತ್ತ, ಅಷ್ಟು ದೂರ ಬಂದು ಈಗ ರನ್‌ವೇಯ ಮೇಲೆಯೇ ನಿಂತು ರೆಕ್ಕೆಗೆದ್ದಲು ಹೆಕ್ಕುತ್ತಿತ್ತು. ಅವನು ಬಾಗಿಲು ತೆಗೆಯುವಷ್ಟರಲ್ಲಿ ಕೆರೆಯ ಕಡೆಯಿಂದ ಬಂದ ಹಿಂಡು ಅದನ್ನು ನೋಡಿ ಒಂದು ಸುತ್ತು ಹಾಕಿತು, ಇಳಿಯಿತು. ನಲವತ್ತಾದರೂ ಇದ್ದವು. ಅವನು ಪಟಾಕಿ ಹಾರಿಸಿದ, ಎದ್ದವು, ಸುತ್ತಿದವು, ಕುಂಟಮ್ಮ ಕದಲದೆ ನಿಂತದ್ದು ಕಂಡು ಮತ್ತೆ ಅದರ ಸುತ್ತಲೇ ಕೂತವು. ಇನ್ನೊಂದು ಹಾರಿಸಿದ. ಮತ್ತದೇ ಆಯಿತು. ಧ್ವನಿವರ್ಧಕದ ಚೀರಾಟಕ್ಕೂ ಕುಂಟಮ್ಮ ಜಗ್ಗಲಿಲ್ಲ. ಹತ್ತೊಂಬತ್ತು ದಿನದಿಂದ ಆ ಜೀಪಿನಿಂದ ಅದಕ್ಕೆ ಕೆಟ್ಟದ್ದೇನೂ ಆಗಿರಲಿಲ್ಲವಲ್ಲ.

ಚುಕ್ಕೆ ಈಗ ಎರಡು ದೀಪವಾಗಿತ್ತು. ಎರಡು ನಿಮಿಷ ಇದ್ದರೆ ಹೆಚ್ಚು. ವಾಕಿಟಾಕಿ ಕೈಯಲ್ಲಿತ್ತು, ಹೆಬ್ಬೆರಳು ಗುಂಡಿಯ ಮೇಲಿತ್ತು, ಒತ್ತಲು ಆಗಲಿಲ್ಲ. ಒತ್ತಿದರೆ ಯಾಕೆಂದು ಕೇಳುತ್ತಾರೆ; ಹೇಳಿದರೆ ಹನ್ನೊಂದು ವರ್ಷದ ಮಾತು, ನೌಕರಿ, ಮರ್ಯಾದೆ ಎಲ್ಲ ಹೋಗುತ್ತದೆ. ಇನ್ನೊಂದು ಪಟಾಕಿಗೆ ಎದ್ದಾವು ಎಂದು ಮನಸ್ಸು ಹೇಳಿತು. ಹಾಗೆ ಯೋಚಿಸಿದ ಆ ಒಂದು ಗಳಿಗೆ, ಹೆಂಡತಿ ಅದೇ ವಿಮಾನದಲ್ಲಿದ್ದರೂ ಹಾಗೆ ಯೋಚಿಸಿದ ಗಳಿಗೆ, ಆಮೇಲೆ ಜೀವನವಿಡೀ ಅವನನ್ನು ಬಿಡಲಿಲ್ಲ.

"ಖಾಲಿ ಇಲ್ಲ. ಮೇಲಕ್ಕೆ ಕಳಿಸಿ," ಎಂದ. ಹೆಬ್ಬೆರಳು ಗುಂಡಿ ಒತ್ತಿತ್ತು.

"ಈಗ ತಾನೆ ಖಾಲಿ ಅಂದ್ರಲ್ಲ ಅಣ್ಣ?" ಗೋಪುರದ ಹುಡುಗಿ ಕೇಳಿದಳು.

"ತಪ್ಪು ನಂದು. ಕಳಿಸಮ್ಮ, ಮೊದ್ಲು ಕಳಿಸು."

ವಿಮಾನ ಆಗಲೇ ಬೇಲಿ ದಾಟುತ್ತಿತ್ತು. ಮೂಗೆತ್ತಿ, ನೆಲ ನಡುಗುವಂತೆ ಮೊರೆದು, ತಲೆಯ ಮೇಲಿಂದ ಹೋಯಿತು. ಆ ಸದ್ದಿಗೆ ಹಿಂಡು ಎದ್ದು ಅದರ ಹೊಟ್ಟೆಯ ಅಡಿಯಲ್ಲೇ ಚದುರಿತು. ಯಾವ ಬಿಳಿ ಚುಕ್ಕೆ ಎಲ್ಲಿ ಹೋಯಿತೆಂದು ನೋಡುವ ಧೈರ್ಯವಿಲ್ಲದೆ ಅವನು ಕಣ್ಣು ಮುಚ್ಚಿದ. ಕಣ್ಣು ಬಿಟ್ಟಾಗ ವಿಮಾನ ಮೇಲಿತ್ತು, ಏರುತ್ತಲೇ ಇತ್ತು. ಕೆಳಗೆ ಹಿಂಡು ಮತ್ತೆ ಇಳಿಯುತ್ತಿತ್ತು.

ಸುತ್ತು ಹಾಕಿ ಬರಲು ಹನ್ನೆರಡು ನಿಮಿಷ. ಓಡಿಸಲು ಬಾರದ ಹಕ್ಕಿಯನ್ನು ಕರೆದುಕೊಂಡೇ ಹೋಗಬೇಕಿತ್ತು. ಜೀಪು ಒಂದನೇ ಗೇರಿನಲ್ಲಿ ಹುಲ್ಲಿಗಿಳಿಸಿದ. ಕುಂಟಮ್ಮ ಹಿಂದೆ ಬಂತು, ಅದರ ಹಿಂದೆ ಹಿಂಡೆಲ್ಲ ಬಂತು. ಬೇಗ ಹೋದರೆ ಅದು ನಿಂತುಬಿಡುತ್ತಿತ್ತು, ನಿಧಾನ ಮಾಡಿದರೆ ಹೊತ್ತು ಮೀರುತ್ತಿತ್ತು. ಕನ್ನಡಿಯಲ್ಲೊಂದು ಕಣ್ಣು, ಗಡಿಯಾರದಲ್ಲೊಂದು ಕಣ್ಣು. ಅರ್ಧ ದಾರಿಯಲ್ಲಿ ಕುಂಟಮ್ಮ ನಿಂತು ರೆಕ್ಕೆ ಕೆರೆದುಕೊಳ್ಳತೊಡಗಿತು. "ಬಾರಮ್ಮಾ, ನಿನ್ನ ದಮ್ಮಯ್ಯ," ಎಂದು ಕನ್ನಡಿಗೆ ಅಂಗಲಾಚಿದ. ಮೂರು ನಿಮಿಷ ಉಳಿದಾಗ ಮೋರಿ ಮುಟ್ಟಿದ. ಜೀಪಿನ ನೆತ್ತಿ ಹತ್ತಿ ರನ್‌ವೇಯನ್ನು ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ನೋಡಿದ. ಒಂದು ರೆಕ್ಕೆಯೂ ಇರಲಿಲ್ಲ. ಆದರೂ ಇನ್ನೊಮ್ಮೆ ದುರ್ಬೀನು ಆಡಿಸಿದ. ಖಾಲಿಯಾ ಎಂದು ಹುಡುಗಿ ಎರಡು ಸಲ ಕೇಳಬೇಕಾಯಿತು.

"ಖಾಲಿ," ಎಂದ. ವಿಮಾನ ಇಳಿಯಿತು.

ಹೆಂಡತಿ ಕೈಗಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ, ಜಂಬವಿತ್ತು. ವಿಮಾನ ಮತ್ತೆ ಮೇಲೇರಿದಾಗ ಎಲ್ಲರೂ ದೇವರ ಹೆಸರು ಹಿಡಿದು ಕೂಗಿದ್ದನ್ನು, ಪಕ್ಕದ ಹೆಂಗಸು ತನ್ನ ಕೈ ಗಿಲ್ಲಿದ್ದನ್ನು ಹೇಳಿ ಗುರುತು ತೋರಿಸಿದಳು.

"ನಾನು ಮಾತ್ರ ಹೆದರಲಿಲ್ಲ ರೀ. ಕೆಳಗೆ ನಮ್ಮೋರಿದ್ದಾರೆ, ಏನೋ ನೋಡಿರ್ತಾರೆ ಅಂತ ಅವರಿಗೂ ಹೇಳ್ದೆ."

ಅವನು ಅವಳ ಬ್ಯಾಗು ಇಸಿದುಕೊಂಡ. ಮುಖ ನೋಡಲಿಲ್ಲ.

ಅವಳನ್ನು ಆಟೋದಲ್ಲಿ ಕೂರಿಸಿ ಕಳಿಸಿ, ಹೋಗಿ ರಿಜಿಸ್ಟರು ತೆರೆದ. ಆ ದಿನದ್ದನ್ನು ಬರೆದು, ಹಿಂದಿನ ಹತ್ತೊಂಬತ್ತು 'ಇಲ್ಲ'ಗಳನ್ನು ಹೊಡೆದು 'ಒಂದು ಬೆಳ್ಳಕ್ಕಿ' ಎಂದು ತಿದ್ದಿ ಸಾಹೇಬರ ಮುಂದಿಟ್ಟ. ಸಾಹೇಬರು ಬೈಯಲಿಲ್ಲ, ಅದಕ್ಕೇ ಭಯವಾಯಿತು. ವಿಚಾರಣೆ ಮುಗಿಯುವವರೆಗೆ ಕೆಲಸದಲ್ಲಿರಿ, ನಾಳೆ ಆ ಹಕ್ಕಿ ಜೀಪಿನ ಹಿಂದೆ ಕಂಡರೆ ಬೀರುವಿನಲ್ಲಿರುವ ಬಂದೂಕು ತೆಗೆಯಬೇಕಾಗುತ್ತದೆ ಎಂದರು.

ಸಂಜೆಯ ಕೊನೆಯ ವಿಮಾನ ಹೋದ ಮೇಲೆ ಅವನು ಮೋರಿಗೆ ಹೋದ. ಕುಂಟಮ್ಮ ಜೀಪು ಕಂಡು ಕುಂಟುತ್ತ ಬಂತು. ಅದರ ಜೀವ ಉಳಿಯಬೇಕಾದರೆ ಅದು ಜೀಪಿಗೆ ಹೆದರಬೇಕಿತ್ತು. ಅವನು ಕಿಟಕಿಯಿಂದ ಕೈ ಚಾಚಿ ಅದರ ತಲೆಯ ಮೇಲೆಯೇ ಪಟಾಕಿ ಹಾರಿಸಿದ. ಹಕ್ಕಿ ಮುದುಡಿತು, ಹಾರಲಿಲ್ಲ, ಇನ್ನೂ ಹತ್ತಿರ, ಚಕ್ರದ ಮರೆಗೇ ಬಂತು. ಅಲ್ಲಿಗೂ ಹಾರಿಸಿದ. ಜೀಪನ್ನು ಅದರ ಮೇಲೆಯೇ ನುಗ್ಗಿಸಿ ಒಂದು ಗೇಣು ಉಳಿದಾಗ ಬ್ರೇಕು ಒತ್ತಿದ. ಆರನೆಯ ಪಟಾಕಿಗೆ ಅದು ಕಿರುಚಿ ಎದ್ದು, ಹತ್ತು ಮಾರಿನಲ್ಲಿ ಬಿದ್ದು, ಮತ್ತೆ ಎದ್ದು, ಬೇಲಿ ದಾಟಿತು. ಅಷ್ಟು ದೂರ ಅದು ಹಾರಬಲ್ಲದೆಂದು ಅವನಿಗೂ ಗೊತ್ತಿರಲಿಲ್ಲ. ಸ್ಟಿಯರಿಂಗಿಗೆ ಹಣೆ ಒತ್ತಿ ಅತ್ತ.

ಮನೆಯಲ್ಲಿ ಹೆಂಡತಿ ಊಟಕ್ಕೆ ಬಡಿಸುತ್ತಿದ್ದಾಗ ಎಲ್ಲವನ್ನೂ ಹೇಳಿದ, ಗುಂಡಿ ಒತ್ತದೆ ತಡೆದ ಆ ಗಳಿಗೆಯನ್ನೂ ಬಿಡದೆ. ಅವಳು ಸೌಟು ಕೆಳಗಿಟ್ಟು ಅವನನ್ನೇ ನೋಡಿದಳು.

"ಇನ್ನು ಮೇಲೆ ನಾನು ಬಸ್ಸಲ್ಲೇ ಬರ್ತೀನಿ," ಎಂದಳು.

ಮರುದಿನ ಬೆಳಗ್ಗೆ ಅವನು ಜೀಪಿನ ಕೀಲಿ ತಿರುಗಿಸಿದ. ಇಂಜಿನ್ ಗುರುಗುಟ್ಟಿದ್ದೇ ತಡ, ದೂರದ ಬೇಲಿಯ ಹತ್ತಿರ ಒಂದು ಬೆಳ್ಳಕ್ಕಿ, ಒಂದು ಕಾಲು ಸೊಟ್ಟಗೆ ಇಳಿಬಿಟ್ಟುಕೊಂಡು, ಜೀವ ಕೈಯಲ್ಲಿ ಹಿಡಿದಂತೆ ಹಾರಿಹೋಯಿತು. ಅವನು ಸಮಯ ನೋಡಿ ರಿಜಿಸ್ಟರಿನಲ್ಲಿ ಬರೆದುಕೊಂಡ: ಬೆಳ್ಳಕ್ಕಿ, ಒಂದು, ಜೀಪಿಗೆ ಹೆದರಿ ಹೋಯಿತು.