ತೊಗರಿಬೇಳೆ ಒಪ್ಪಿಸಿದ ಫಿಸಿಕ್ಸ್

“ಬೇಳೆ ಅಷ್ಟೇ ಇದೆಯಲ್ಲೇ, ಭಾರ ಹೇಗೆ ಕಮ್ಮಿ ಆಯ್ತು?” ಎಂದು ನಮ್ಮತ್ತೆ ನನ್ನ ಮಗಳನ್ನು ಕೇಳಿದರು.

ಲಾಕ್‌ಡೌನ್‌ನಿಂದಾಗಿ ಆಮ್ಸ್ಟೆಲ್‌ವೀನ್‌ನ ನಮ್ಮ ಮನೆಯಲ್ಲೇ ಉಳಿದುಬಿಟ್ಟಿದ್ದ ಅತ್ತೆಗೆ ಭುಜದ ನೋವು. ಫಿಸಿಯೋಥೆರಪಿಸ್ಟ್ ವಿಡಿಯೋದಲ್ಲಿ ಡಚ್‌ನಲ್ಲಿ ಹೇಳಿದ್ದನ್ನು ಮಗಳು ಕನ್ನಡದಲ್ಲಿ ತಿಳಿಸುತ್ತಿದ್ದಳು. ವ್ಯಾಯಾಮಕ್ಕೆಂದು ತೊಗರಿಬೇಳೆ ಪ್ಯಾಕೆಟ್ಟನ್ನು ಕೈಚಾಚಿ ಹಿಡಿದಾಗ ಭಾರ, ಎದೆಯ ಹತ್ತಿರ ತಂದಾಗ ಹಗುರ!

ಮಗಳಿಗೆ ಡಾಕ್ಟರ್ ಆಗುವ ಆಸೆ. ಆದರೆ ಅದಕ್ಕೆ ಕಡ್ಡಾಯವಾದ ಫಿಸಿಕ್ಸನ್ನು ಶಾಲೆಯಲ್ಲಿ ಆರಿಸಿಕೊಳ್ಳಲು ಒಲ್ಲೆನೆಂದು ವಾರದಿಂದ ರಂಪ ಮಾಡುತ್ತಿದ್ದಳು. ಈಗ ಅವಳೇ ಬೇಳೆಯನ್ನು ಚೀಲದಲ್ಲಿಟ್ಟು ಕೊಡೆಯ ತುದಿಗೆ ನೇತುಹಾಕಿ, ಆಮೇಲೆ ಹಿಡಿಯ ಹತ್ತಿರಕ್ಕೆ ಸರಿಸಿ, ಅಜ್ಜಿಗೆ ಉತ್ಸಾಹದಿಂದ ಫಿಸಿಕ್ಸ್‌ನ ಸನ್ನೆಕೋಲಿನ ಪಾಠ ಮಾಡಿದಳು. ಮರುದಿನ ಅವಳು ಫಿಸಿಕ್ಸನ್ನೇ ಆರಿಸಿಕೊಂಡಳು.

ಮೈಸೂರಿನಿಂದ ಫೋನ್ ಮಾಡಿದಾಗಲೆಲ್ಲ ಅತ್ತೆ ಈಗಲೂ ಹೇಳುತ್ತಾರೆ: “ಭುಜ ಇನ್ನೂ ನೋಯ್ತಿದೆ ಕಣಮ್ಮ, ವಾಸಿಯಾಗಿದ್ದು ಅವಳ ಹಠ ಮಾತ್ರ.”